‘ಕನ್ನಡದಲ್ಲಿ ಓದಿ ಹೇಳಲಾಗಿದೆ’: ಒಂದು ಲಾರಿ ಕರಾರಿನ ತಕರಾರು

ಸರಕು ದಲ್ಲಾಳಿಗಳಿಗೆ ಪರವಾನಗಿ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ತಮ್ಮ ಪರವಾನಗಿಯನ್ನು ಗಾಜಿನ ಬಾಗಿಲಿಗೆ ಅಂಟಿಸಿಕೊಂಡಿರುವ ಒಂದು ಕಂಪನಿ, ಸುಂಕದಕಟ್ಟೆಯ ಅಮೀನಪ್ಪ ಎಂಬುವರ ಲಾರಿಯನ್ನು ತನ್ನ ಯಾರ್ಡಿನಲ್ಲಿ ಕೂಡಿಹಾಕಿ ಇವತ್ತಿಗೆ ನಲವತ್ತೊಂದು ದಿನ. ಲಾರಿ ಯಾರನ್ನೂ ಗುದ್ದಿಲ್ಲ, ಏನನ್ನೂ ಕದ್ದಿಲ್ಲ. ತೆರಿಗೆ ಕಟ್ಟಿದೆ, ಇನ್ಶೂರೆನ್ಸ್ ಇದೆ, ರಸ್ತೆಗೆ ಯೋಗ್ಯವೆಂಬ ಎಫ್‌ಸಿ ಇದೆ. ಅದು ಮಾಡಿದ ಅಪರಾಧ ಒಂದೇ: ದಾವಣಗೆರೆಯಿಂದ ಖಾಲಿ ಬರುವ ಬದಲು ಮೆಕ್ಕೆಜೋಳದ ಚೀಲ ಹೊತ್ತು ಬಂತು. ಖಾಲಿ ಬಂದವನು ಸಭ್ಯಸ್ಥ, ತುಂಬಿಕೊಂಡು ಬಂದವನು ತಪ್ಪಿತಸ್ಥ ಎನ್ನುವ ಈ ನ್ಯಾಯ ನಿಮ್ಮ ಕಚೇರಿಗೆ ಸರಿ ಕಂಡಿದೆ. ಅದನ್ನು ಕೇಳಲು ಮೂರು ಸಲ ಬಂದೆವು. ಮೂರನೇ ಸಲ ತಾವು ಒಂದೂವರೆ ನಿಮಿಷ ಕೊಟ್ಟಿರಿ. ಆ ಒಂದೂವರೆ ನಿಮಿಷದಲ್ಲಿ ನಾನು ಹೇಳಲೇಬೇಕಾಗಿದ್ದ ಒಂದು ಮಾತನ್ನು ನುಂಗಿಕೊಂಡೆ. ಅದನ್ನೀಗ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಂಡು, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಒಂದು ಆರು ಚಕ್ರದ ಲಾರಿಗೆ ಮಾಲೀಕ, ಡ್ರೈವರ್, ಕ್ಲೀನರ್, ಮೂರೂ ಹೌದು. ಮಾಲೀಕನಾಗಿ ಬೈದು, ಡ್ರೈವರಾಗಿ ಬೈಸಿಕೊಂಡು, ಕ್ಲೀನರಾಗಿ ಗಾಜು ಒರೆಸಿ ದಿನ ಶುರು ಮಾಡುತ್ತೇನೆ. ಒಂದನೇ ಕ್ಲಾಸಿನಿಂದ ರಾಜಾಜಿನಗರದ ಸಂಜೆ ಕಾಲೇಜಿನ ಬಿ.ಎ. ತನಕ ಕನ್ನಡ ಮಾಧ್ಯಮ. ಸುಂಕದಕಟ್ಟೆಯ ನಮ್ಮ ಸ್ಟ್ಯಾಂಡಿನಲ್ಲಿ ಒಂಬತ್ತು ಲಾರಿಗಳಿವೆ, ಡಿಗ್ರಿ ಮಾತ್ರ ಒಂದೇ, ಅದು ನನ್ನದು. ಅದಕ್ಕೇ ನಾನು ಅಲ್ಲಿ ಮೇಷ್ಟ್ರು. ಪೇಪರ್ ಓದಿ ಹೇಳುವುದು ನಾನು, ಅರ್ಜಿ ಬರೆಯುವುದು ನಾನು, ಲಾರಿಗಳ ಹಿಂದೆ ಬರೆಸುವ ಸಾಲು ಕಟ್ಟಿಕೊಡುವುದೂ ನಾನೇ. ‘ನಿಧಾನ ಹೋದರೆ ಮನೆಯಲ್ಲಿ ಊಟ, ಜೋರು ಹೋದರೆ ಗೋಡೆಯಲ್ಲಿ ಪಟ’ ಎಂದು ತಾವು ಮಾಗಡಿ ರಸ್ತೆಯಲ್ಲಿ ಎಂದಾದರೂ ಓದಿದ್ದರೆ, ಅದು ಅಮೀನಪ್ಪನವರ ಲಾರಿ, ಸಾಲು ನನ್ನದು. ಈಗ ಅದನ್ನು ಓದಲು ಯಾರ್ಡಿನ ಕಾಂಪೌಂಡ್ ಹತ್ತಬೇಕು.

ದಲ್ಲಾಳಿಗಳೆಂದರೆ ನಮಗೇನು ಹೊಸಬರಲ್ಲ. ಇಪ್ಪತ್ತು ವರ್ಷದಿಂದ ಅವರ ಮುಖ ನೋಡಿಯೇ ಲೋಡು ಎತ್ತಿದ್ದೇವೆ. ಮೊದಲಿನವರು ಟೀ ಅಂಗಡಿಯ ಬೆಂಚಿನ ಮೇಲೆ ಎರಡು ಫೋನು, ಒಂದು ಬಿಲ್ ಬುಕ್ಕು ಇಟ್ಟುಕೊಂಡು ಕೂತಿರುತ್ತಿದ್ದರು. ಹತ್ತು ಟನ್ ಎಂದು ಹೇಳಿ ಹನ್ನೆರಡು ಟನ್ ಏರಿಸುತ್ತಿದ್ದರು. ನಾಳೆ ಇಳಿಸಿಕೊಳ್ತಾರೆ ಎಂದು ಕಳಿಸಿ ನಾಲ್ಕು ದಿನ ಗೋಡೌನ್ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಮೋಸ ಮಾಡುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ಮೋಸ ಮಾಡುತ್ತಿದ್ದರು, ಆದ್ದರಿಂದ ಅರ್ಥವಾಗುತ್ತಿತ್ತು. ಅರ್ಥವಾದ ಮೇಲೆ ಜಗಳವಾಡಬಹುದಿತ್ತು. ಜಗಳವಾಡಿ ಅದೇ ಬೆಂಚಿನ ಮೇಲೆ ಟೀ ಕುಡಿದು ಮುಂದಿನ ಲೋಡಿಗೆ ಹೊರಡಬಹುದಿತ್ತು.

ಕಳೆದ ವರ್ಷ ಬಂದವರು ಬೇರೆ ಜಾತಿಯ ದಲ್ಲಾಳಿಗಳು. ಇವರಿಗೆ ಬೆಂಚಿಲ್ಲ, ರಾಜಾಜಿನಗರದಲ್ಲಿ ಎರಡನೇ ಮಹಡಿಯ ಏಸಿ ಆಫೀಸಿದೆ. ಇವರಿಗೆ ನಾವು ಲಾರಿಯವರಲ್ಲ, ‘ಪಾರ್ಟ್‌ನರ್’ಗಳು. ಇವರ ಜೊತೆ ಲಾರಿ ಅಟ್ಯಾಚ್ ಮಾಡಿದರೆ ವರ್ಷಪೂರ್ತಿ ಲೋಡು, ಅಲೆದಾಟವಿಲ್ಲ, ಅಂಗಲಾಚುವುದಿಲ್ಲ ಎಂದರು. ಒಂಬತ್ತು ಜನವೂ ಹೋದೆವು. ಬಾಗಿಲಲ್ಲಿ ನಿಮ್ಮ ಕಚೇರಿಯ ಮೊಹರು ನೋಡಿ ನಮ್ಮ ಅಂಜಿನಯ್ಯ ಚಪ್ಪಲಿ ಹೊರಗೆ ಬಿಟ್ಟ. ಅಷ್ಟು ಭಕ್ತಿ, ಸ್ವಾಮಿ, ನಿಮ್ಮ ಮೊಹರಿನ ಮೇಲೆ! ಒಳಗೆ ಎಲ್ಲರ ಕೈಗೂ ಒಂದೊಂದು ಕರಾರು ಕೊಟ್ಟರು. ಮೂವತ್ತೆಂಟು ಪುಟ, ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಪೂರ್ತಿ ಇಂಗ್ಲಿಷು.

ಮ್ಯಾನೇಜರ್ ನನ್ನನ್ನು ಹುಡುಕಿ ಎದುರಿನ ಕುರ್ಚಿಯಲ್ಲಿ ಕೂರಿಸಿದ. “ಸಾರ್, ನೀವು ಗ್ರಾಜುಯೇಟ್ ಅಂತೆ. ಒಂದ್ಸಲ ಗೋ ಥ್ರೂ ಮಾಡಿ ಸಾರ್, ಇವರಿಗೂ ಹೇಳ್ಬಿಡಿ ಸಾರ್.” ಮೂರು ಸಲ ಸಾರ್ ಎಂದ. ಬಾದಾಮಿ ಹಾಲು ತರಿಸಿದ. ಎಂಟು ಜನ ನನ್ನ ಹಿಂದೆ ನಿಂತು ನನ್ನ ತಲೆಯನ್ನೇ ನೋಡುತ್ತಿದ್ದರು. ನಾನು ಓದತೊಡಗಿದೆ. ಎಂದರೆ, ಪುಟ ತಿರುವತೊಡಗಿದೆ. ಅಲ್ಲೊಂದು ‘ಲೋಡ್’, ಇಲ್ಲೊಂದು ‘ವೆಹಿಕಲ್’ ಬಿಟ್ಟರೆ ಮಿಕ್ಕಿದ್ದೆಲ್ಲ ನನಗೆ ಗೋಡೆ. ‘ಇಂಡೆಮ್ನಿಫೈ’ ಎಂಬ ಪದ ಹನ್ನೊಂದು ಕಡೆ ಬಂತು. ಅದು ಯಾವುದೋ ಇನ್ಶೂರೆನ್ಸ್ ಕಂಪನಿ ಇರಬೇಕೆಂದುಕೊಂಡು ಹನ್ನೊಂದು ಸಲವೂ ಗಂಭೀರವಾಗಿ ತಲೆಯಾಡಿಸಿದೆ. ನಡುವೆ ಒಂದು ಕಡೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದ್ದೂ ಉಂಟು. ಅಷ್ಟು ನಟನೆಗೆ ನಾಟಕ ಕಂಪನಿಯವರು ಸಂಬಳ ಕೊಡುತ್ತಿದ್ದರು.

ಅಮೀನಪ್ಪ ಬಗ್ಗಿ ಕೇಳಿದರು: “ಏನ್ ಬರದಾರ್ರೀ ಮಾಸ್ತರ ಇದ್ರಾಗ?”

“ಎಲ್ಲ ಮಾಮೂಲಿ ಅಣ್ಣ. ಅವ್ರು ಲೋಡ್ ಕೊಡ್ತಾರೆ, ನಾವು ಹೊಡೀತೀವಿ.”

“ಹಂಗಾರ ಸಹಿ ಎಲ್ಲಿ ಮಾಡಬೇಕ್ರಿ?”

“ಮೇಷ್ಟ್ರು ತಲೆ ಆಡ್ಸಿದ್ಮೇಲೆ ಇನ್ನೇನ್ ಗುರು, ಹಾಕ್ರೋ ಎಲ್ರೂ!” ಎಂದ ಅಂಜಿನಯ್ಯ.

ಹಾಕಿದರು. ಆಮೇಲೆ ಮ್ಯಾನೇಜರ್ ಕೊನೆಯ ಪುಟದಲ್ಲಿ ಒಂದು ಸಣ್ಣ ಚೌಕ ತೋರಿಸಿದ. ಕನ್ನಡದಲ್ಲಿ ಸಹಿ ಮಾಡುವವರ ಕರಾರುಗಳಲ್ಲಿ ಆ ಚೌಕ ಇರುತ್ತದೆ, ತಮಗೆ ಗೊತ್ತಿರುತ್ತದೆ. ‘ಮೇಲಿನ ವಿಷಯವನ್ನು ಸಹಿದಾರರಿಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ಅವರು ತಿಳಿದು ಒಪ್ಪಿದ್ದಾರೆ’ ಎಂಬ ಸಾಲು, ಅದರ ಕೆಳಗೆ ಓದಿ ಹೇಳಿದವನ ಸಹಿ. ಮೂವತ್ತೆಂಟು ಪುಟದಲ್ಲಿ ಕನ್ನಡ ಇದ್ದದ್ದು ಅದೊಂದೇ ಸಾಲು. ಅದು ನನಗೆ ಚೆನ್ನಾಗಿಯೇ ಅರ್ಥವಾಯಿತು. ಅರ್ಥವಾದ ಮೇಲೂ ಎಂಟು ಕರಾರುಗಳಲ್ಲಿ ಎಂಟು ಸಲ ಸಹಿ ಹಾಕಿದೆ, ಪ್ರತಿ ಸಹಿಯ ಮುಂದೆ ಬಿ.ಎ. ಎಂದು ಬರೆದೆ. ಬಾದಾಮಿ ಹಾಲು ಇನ್ನೂ ಬಿಸಿಯಿತ್ತು.

ಆ ಕರಾರನ್ನು ನಾನು ನಿಜವಾಗಿ ಓದಿದ್ದು ಅಮೀನಪ್ಪನವರ ಲಾರಿ ಸೆರೆಯಾದ ಮೇಲೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ನಾಲ್ಕು ಸಂಜೆ ಕೂತು. ‘ಇಂಡೆಮ್ನಿಫೈ’ ಕಂಪನಿಯಲ್ಲ, ಅವರಿಗೆ ನಷ್ಟವಾದರೆ ನಾವು ತುಂಬಿಕೊಡುವುದು ಎಂದು ಆಗ ತಿಳಿಯಿತು. ನನ್ನ ಹೆಂಡತಿ ಲತಾ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ, “ಪರೀಕ್ಷೆ ಮುಗಿದ ಮೇಲೆ ಓದ್ತಾ ಇದೀರಲ್ಲ, ಯಾವ ಯೂನಿವರ್ಸಿಟಿ ನಿಮ್ದು?” ಎಂದಳು. ಹದಿನೇಳನೇ ಕಲಮು: ಎರಡು ವರ್ಷ ಬೇರೆ ಯಾರ ಸರಕನ್ನೂ ಹೊರುವಂತಿಲ್ಲ, ವಾಪಸು ಬರುವಾಗ ಲಾರಿ ಖಾಲಿಯಿದ್ದರೂ. ಇಪ್ಪತ್ತಮೂರನೆಯದು: ಹೊತ್ತರೆ ಕಂಪನಿ ಲಾರಿಯನ್ನು ‘ಸುರಕ್ಷಿತ ವಶ’ದಲ್ಲಿ ಇಟ್ಟುಕೊಳ್ಳಬಹುದು, ಎಷ್ಟು ದಿನ ಎಂದು ಬರೆದಿಲ್ಲ. ಮೂವತ್ತೊಂದನೆಯದು: ತಕರಾರಿದ್ದರೆ ಎರಡು ಸಾವಿರ ಕಿಲೋಮೀಟರ್ ಆಚೆಯ ಊರಿನಲ್ಲಿ ಹೇಳಿಕೊಳ್ಳಬೇಕು, ಕೇಳುವವನನ್ನು ನೇಮಿಸುವುದೂ ಕಂಪನಿಯೇ. ಲಾರಿ ಯಾರ್ಡಿನಲ್ಲಿ, ನ್ಯಾಯ ಇನ್ಯಾವುದೋ ರಾಜ್ಯದಲ್ಲಿ. ಅಲ್ಲಿಗೆ ಅಮೀನಪ್ಪ ಹೋಗುವುದಾದರೂ ಯಾವುದರಲ್ಲಿ? ಹೋಗಬೇಕಾದ ಗಾಡಿಯೇ ಒಳಗಿದೆಯಲ್ಲ!

ನಡೆದದ್ದು ಹೀಗೆ. ಕಂಪನಿ ಅಮೀನಪ್ಪನವರನ್ನು ಯಂತ್ರದ ಬಿಡಿಭಾಗಗಳ ಜೊತೆ ದಾವಣಗೆರೆಗೆ ಕಳಿಸಿತು. ಇಳಿಸಿದ ಮೇಲೆ ವಾಪಸು ಲೋಡಿಗಾಗಿ ಎರಡು ದಿನ ಕಾದರು. ಫೋನ್ ಮಾಡಿದರೆ ಒಂದು ಹೆಣ್ಣುದನಿ, ಕನ್ನಡ ಬೇಕಾದರೆ ಎರಡು ಒತ್ತಿ ಎಂದಿತು. ಒತ್ತಿದರೆ ಹಾಡು ಬಂತು. ಮೂರನೇ ದಿನ ಮಂಡಿಯಲ್ಲಿ ಗುರುತಿನವರೊಬ್ಬರು ಬೆಂಗಳೂರಿನ ಕೋಳಿ ಆಹಾರದ ಕಾರ್ಖಾನೆಗೆ ಮೆಕ್ಕೆಜೋಳ ಇದೆ ಎಂದರು, ಅಮೀನಪ್ಪ ಏರಿಸಿಕೊಂಡು ಬಂದರು. ಕಂಪನಿ ಲಾರಿಗೆ ಹಾಕಿದ್ದ ಜಿಪಿಎಸ್ ಡಬ್ಬಿ, ಲಾರಿ ಮಂಡಿಯಲ್ಲಿ ನಿಂತ ಹೊತ್ತನ್ನು ಚಾಡಿ ಹೇಳಿತು. ಮುಂದಿನ ಲೋಡು ತುಂಬಿಸುತ್ತೇವೆ ಬಾ ಎಂದು ಯಾರ್ಡಿಗೆ ಕರೆಸಿ, ಲಾರಿ ಒಳಗೆ ಹೋದದ್ದೇ ಗೇಟು ಹಾಕಿದರು. ಬ್ಯಾಟರಿ ಸತ್ತಿದೆ, ಎರಡು ಟೈರಿನ ಗಾಳಿ ಇಳಿದಿದೆ. ಅಮೀನಪ್ಪ ಪ್ರತಿ ಶುಕ್ರವಾರ ನಿಂಬೆಹಣ್ಣು, ಹೂವಿನ ಹಾರ ಹಿಡಿದು ಗೇಟಿಗೆ ಹೋಗುತ್ತಾರೆ. ವಾಚ್‌ಮನ್, “ಒಳಕ್ಕೆ ಬಿಟ್ರೆ ನನ್ ಕೆಲಸ ಹೋಗ್ತದೆ ಅಣ್ಣ, ಕೊಡಿ ಇಲ್ಲಿ, ನಾನೇ ಹಾಕ್ತೀನಿ” ಎಂದು ಇಸಿದುಕೊಳ್ಳುತ್ತಾನೆ. ನಿಮ್ಮ ಪರವಾನಗಿಯ ಆವರಣದಲ್ಲಿ ಮನುಷ್ಯತ್ವ ಇರುವುದು ಆ ಒಬ್ಬನಲ್ಲಿ, ಅವನ ಬಳಿ ಪರವಾನಗಿ ಇಲ್ಲ.

ಇಷ್ಟನ್ನು ಹೊತ್ತು ನಿಮ್ಮಲ್ಲಿಗೆ ಬಂದೆವು. ಮೊದಲ ಸಲ ತಾವು ಮೀಟಿಂಗಿನಲ್ಲಿದ್ದಿರಿ, ಎರಡನೇ ಸಲ ಈಟಿಂಗಿನಲ್ಲಿದ್ದಿರಿ. ಮೂರನೇ ಸಲ ಸಿಕ್ಕಿದಿರಿ. ಕರಾರು ತೆಗೆದುಕೊಂಡು ಅಮೀನಪ್ಪನವರನ್ನು ಕೇಳಿದಿರಿ: “ಇಂಗ್ಲಿಷ್ ಬರಲ್ಲ ಅಂದ್ರೆ ಯಾಕ್ರೀ ಸೈನ್ ಮಾಡಿದ್ರಿ?” ಅವರು ಉತ್ತರ ಹುಡುಕುವಷ್ಟರಲ್ಲಿ ಕೊನೆಯ ಪುಟಕ್ಕೆ ಹೋಗಿದ್ದಿರಿ. ಮೂವತ್ತೆಂಟು ಪುಟದಲ್ಲಿ ತಾವು ಓದಿದ್ದೂ ಅದೊಂದೇ ಸಾಲು, ಈ ವಿಷಯದಲ್ಲಿ ನಾವಿಬ್ಬರೂ ಸರಿಸಮ. “ಇಲ್ಲಿ ಯಾವನೋ ಬಿ.ಎ. ಓದಿ ಹೇಳಿದಾನಲ್ಲ? ಮುಗೀತು. ಏನಿದ್ರೂ ಅವನನ್ನ ಕರ್ಕೊಂಡು ಬನ್ನಿ.”

ನಾನು ತಮ್ಮ ಮೇಜಿನಿಂದ ಎರಡು ಅಡಿ ದೂರದಲ್ಲಿ ನಿಂತಿದ್ದೆ. ನಾನೇ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ನಾನೇ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಓದಿ ಹೇಳಿದೆಯಾ ಎಂದು. ಇಲ್ಲ ಎನ್ನಬೇಕು, ಇಂಗ್ಲಿಷ್ ಬಾರದು ಎನ್ನಬೇಕು, ಅಮೀನಪ್ಪನವರ ಎದುರಿಗೇ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಮೀನಪ್ಪ ನನ್ನತ್ತ ಒಂದು ಸಲ ನೋಡಿ, ತಮ್ಮತ್ತ ತಿರುಗಿ ಹೇಳಿದರು: “ಅವ್ರು ಊರಾಗ ಇಲ್ರೀ ಸಾಹೇಬ್ರ.”

ಹೊರಗೆ ಬಂದು ವಿಜಯನಗರದ ಬಸ್ಸಿಗೆ ಕಾಯುತ್ತಾ ನಿಂತೆವು. ಕೊನೆಗೆ ನಾನೇ ಬಾಯಿಬಿಟ್ಟೆ: “ಅಣ್ಣ, ನಾನು ಅವತ್ತು ಓದಿರ್ಲಿಲ್ಲ.”

“ಗೊತ್ತೈತ್ರಿ ಮಾಸ್ತರ.”

“ಯಾವಾಗ ಗೊತ್ತಾಯ್ತು?”

“ಅವತ್ತ ಗೊತ್ತಾತು. ಹಾಳಿ ಭಾಳ ಲಗೂ ತಿರುವಿದ್ರಿ ನೀವು. ಪೇಪರ್ ಓದುಮುಂದ ಹಂಗ ತಿರುವಂಗಿಲ್ಲ.”

“ಮತ್ಯಾಕೆ ಸೈನ್ ಹಾಕಿದ್ರಿ ಅಣ್ಣ?”

“ಅಷ್ಟ ಮಂದಿ ಮುಂದ ನಿಮ್ಮ ಮಾನ ತೆಗೀಲೇನ್ರಿ?” ಎಂದರು. “ಲೋಡ್ ಕೊಡ್ತಾರ, ಹೊಡದ್ರಾತು ಅನ್ಕೊಂಡೆ. ಬರ್ರಿ, ಬಸ್ ಬಂತು.”

ಸ್ವಾಮಿ, ಒಬ್ಬ ಮನುಷ್ಯ ನನ್ನ ಮಾನ ಉಳಿಸಲು ತನ್ನ ಲಾರಿಯನ್ನು ಬರೆದುಕೊಟ್ಟ. ಆ ಮಾನ ಉಳಿಸಿಕೊಂಡು ನಾನೇನು ಮಾಡಲಿ, ಫ್ರೇಮು ಹಾಕಿಸಲೇ? ಹಾಗೆಂದು ನನ್ನೊಬ್ಬನನ್ನೇ ಬೈದುಕೊಂಡು ತಮ್ಮನ್ನು ಬಿಟ್ಟುಬಿಡುವಷ್ಟು ದೊಡ್ಡ ಮನಸ್ಸೂ ನನಗಿಲ್ಲ. ನನ್ನದು ಹೆಮ್ಮೆಯಿಂದ ಹುಟ್ಟಿದ ಸುಳ್ಳು. ಆ ಸುಳ್ಳಿಗೆ ಚೌಕ ಹಾಕಿ, ಗೆರೆ ಎಳೆದು, ಮೊದಲೇ ಅಚ್ಚು ಮಾಡಿಸಿ ಇಟ್ಟವರು ಯಾರು? ಅವರಿಗೆ ಪರವಾನಗಿ ಕೊಡುವಾಗ ಆ ಕರಾರಿನ ಒಂದು ಪ್ರತಿ ತರಿಸಿ ನೋಡಿದಿರಾ? ಕನ್ನಡದಲ್ಲಿ ಓದಿ ಹೇಳಲು ಬರುವ ಕರಾರನ್ನು ಕನ್ನಡದಲ್ಲೇ ಬರೆಯಲು ಏನು ಧಾಡಿ ಎಂದು ಕೇಳಿದಿರಾ? ಅವರ ಆಫೀಸಿನಲ್ಲಿ ಹತ್ತು ಜನ ಇಂಗ್ಲಿಷ್ ಬಲ್ಲವರು ಕೂತಿರುವಾಗ, ಓದಿ ಹೇಳುವ ಕೆಲಸಕ್ಕೆ ಲಾರಿ ಓಡಿಸುವವನನ್ನೇ ಕುರ್ಚಿ ಹಾಕಿ ಕೂರಿಸಿದ್ದು ಯಾಕೆ ಎಂದು ಅನುಮಾನವಾದರೂ ಬಂತಾ? ನಮ್ಮ ಹಣೆಯ ಮೇಲೆ ಪಾರ್ಟ್‌ನರ್ ಎಂದು ಬರೆದು, ಕಾಲಿಗೆ ಗೂಟ ಹೊಡೆದು, ಗೂಟದ ಮೇಲೆ ನಿಮ್ಮ ಮೊಹರು ಒತ್ತಿಸಿಕೊಂಡಿದ್ದಾರೆ. ತಾವು ಮೊಹರು ಒಣಗಿದೆಯಾ ಎಂದಷ್ಟೇ ನೋಡುತ್ತಿದ್ದೀರಿ.

ಆದ್ದರಿಂದ ಇದನ್ನು ನನ್ನ ಹೇಳಿಕೆ ಎಂದು ದಾಖಲಿಸಿಕೊಳ್ಳಿ. ಆ ಎಂಟು ಕರಾರುಗಳನ್ನು ನಾನು ಯಾರಿಗೂ ಓದಿ ಹೇಳಿಲ್ಲ. ಕನ್ನಡದಲ್ಲೂ ಹೇಳಿಲ್ಲ, ಯಾವ ಭಾಷೆಯಲ್ಲೂ ಹೇಳಿಲ್ಲ. ನನಗೇ ಅರ್ಥವಾಗಿರಲಿಲ್ಲ. ಆ ಚೌಕದಲ್ಲಿರುವ ಸಹಿ ನನ್ನದು, ಅದರ ಮೇಲಿನ ಸಾಲು ಸುಳ್ಳು. ಇದಕ್ಕೆ ನನ್ನ ಮೇಲೆ ಕೇಸು ಹಾಕುವುದಿದ್ದರೆ ಹಾಕಿ, ಸಂತೋಷ. ವಿಳಾಸ ಕೆಳಗಿದೆ, ನಾನು ಊರಲ್ಲೇ ಇದ್ದೇನೆ. ಆದರೆ ಅದಕ್ಕೆ ಮೊದಲು ಯಾರ್ಡಿನ ಗೇಟು ತೆಗೆಸಿ. ‘ಓದಿ ಹೇಳಲಾಗಿದೆ’ ಎಂಬ ಒಂದು ಸಾಲಿನ ಬಲದ ಮೇಲೆ ಲಾರಿ ಒಳಗಿರಬಹುದಾದರೆ, ಆ ಸಾಲು ಬಿದ್ದ ಮೇಲೆ ಅದು ಹೊರಗೆ ಬರಲೇಬೇಕು. ಇಷ್ಟು ತರ್ಕ ಕನ್ನಡ ಮಾಧ್ಯಮದಲ್ಲೂ ಕಲಿಸುತ್ತಾರೆ. ಇನ್ನು ಮುಂದೆ ಪರವಾನಗಿ ಬೇಕೆಂದು ಬರುವ ದಲ್ಲಾಳಿ, ಕರಾರಿನ ಕನ್ನಡ ಪ್ರತಿ ಹಿಡಿದು ಬರಲಿ. ಅದನ್ನು ತಮ್ಮ ಕಚೇರಿಯವರೇ ಲಾರಿಯವರ ಮುಂದೆ ಗಟ್ಟಿಯಾಗಿ ಓದಲಿ. ನಿಧಾನವಾಗಿ ಪುಟ ತಿರುವಲಿ, ಅಮೀನಪ್ಪ ನೋಡುತ್ತಿರುತ್ತಾರೆ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾವಿಬ್ಬರೂ ನಿಮ್ಮ ಮೇಜಿನ ಮುಂದೆ ಇರುತ್ತೇವೆ. ಈ ಪತ್ರ ಓದಿದ ಮಿಕ್ಕ ಏಳು ಜನರಲ್ಲಿ ನನ್ನನ್ನು ಹೊಡೆಯದೆ ಬಿಟ್ಟವರೂ ಜೊತೆಗೆ ಬರಬಹುದು. ಯಾವನೋ ಬಿ.ಎ. ಎಂದು ತಾವು ಇನ್ನೊಮ್ಮೆ ಕರೆಯಿರಿ, ಈ ಸಲ ನಾನು ಕ್ಯಾಲೆಂಡರ್ ನೋಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ ಎಂದು ಬರೆಯುವುದು ವಾಡಿಕೆ. ಈಗಾಗಲೇ ಎಂಟು ಸುಳ್ಳಿಗೆ ಸಹಿ ಹಾಕಿದ್ದೇನೆ, ಒಂಬತ್ತನೆಯದು ಬೇಡ. ಆದ್ದರಿಂದ ಬರಿಯ

ಇಂತಿ,
ಭೈರೇಶ್, ಬಿ.ಎ. (ಇಂಗ್ಲಿಷ್ ಬಾರದು)
ಲಾರಿ ಸ್ಟ್ಯಾಂಡ್, ಸುಂಕದಕಟ್ಟೆ