ಒಂದು ಹಸಿರು ಟವೆಲ್, ಒಂದು ಹಲ್ಲಿ, ಒಂದು ಸೋರಿಕೆ

ಹುಬ್ಬಳ್ಳಿ
ವಾಯಿದೆ ತಿಂಗಳ ಹದಿನೇಳು, ಇಸವಿ 2191

ಪೂಜ್ಯ ಸುವರ್ಣಾ ಆಯಿಯವರಿಗೆ, ನಿಮ್ಮಿಂದ ಆರನೇ ತಲೆಯವಳಾದ ಅನಸೂಯಾ ಪಟ್ಟಣಶೆಟ್ಟಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು. ಕೋರ್ಟುಗಳಿಗೆ ಮುಂದಿನ ತಾರೀಖು ಕೊಡಲು ಅವು ಸಾಲದೇ ಹೋದಾಗ, ಸರ್ಕಾರ ಪ್ರತಿ ತಿಂಗಳಿನಿಂದ ಎರಡೆರಡು ದಿನ ಕಿತ್ತು ಹದಿಮೂರನೆಯದೊಂದನ್ನು ಹೊಲಿಯಿತು. ಅದೇ ವಾಯಿದೆ ತಿಂಗಳು. ಈ ತಿಂಗಳಲ್ಲಿ ಹಬ್ಬವಿಲ್ಲ, ಮದುವೆಯಿಲ್ಲ, ಬರೀ ಮುಂದೂಡಿಕೆ. ನನ್ನ ಕಾಗದದಲ್ಲಿ ಇಂಥ ವಿಚಿತ್ರ ಮಾತುಗಳು ಇನ್ನೂ ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ.

ಇದು ನಿಮಗೆ 2026ರ ಒಂದು ಶನಿವಾರ ಹಿಂದಂಚೆಯಲ್ಲಿ ತಲುಪುತ್ತಿದೆ. ಹಿಂದಂಚೆಯೆಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಂದು ಮನೆತನಕ್ಕೆ ಒಂದೇ ಕಾಗದ, ಅದೂ ಸ್ವಂತ ಹಿರಿಯರಿಗೆ ಮಾತ್ರ. ಬಂಗಾರದ ದರ, ಚುನಾವಣೆಯ ಫಲಿತಾಂಶ, ಯಾರು ಯಾವಾಗ ಸಾಯುತ್ತಾರೆ ಎಂಬುದು, ಈ ಮೂರನ್ನು ಬರೆಯುವಂತಿಲ್ಲ. ಗುಮಾಸ್ತರು ಅಷ್ಟನ್ನೇ ಹುಡುಕಿ ಮುದ್ರೆ ಒತ್ತುತ್ತಾರೆ, ಉಳಿದದ್ದನ್ನು ಓದುವ ತಾಳ್ಮೆ ಅವರಿಗಿಲ್ಲ. ನಮ್ಮ ಮನೆಯವರು ಮೂರು ದಿನ ಕೂತು ಜಗಳಾಡಿ, ಆ ಒಂದೇ ಕಾಗದವನ್ನು ನಿಮಗೆ ಬರೆಯಬೇಕೆಂದು ತೀರ್ಮಾನಿಸಿದರು. ಬರೆಯಬೇಕಾದ ಮಾತನ್ನೂ ಅವರೇ ಹೇಳಿಕೊಟ್ಟರು. ನಾಳೆ ಭಾನುವಾರ ನಿಮ್ಮ ಅಪಾರ್ಟ್‌ಮೆಂಟು ಕಟ್ಟಿದ ಬಿಲ್ಡರ್ ಯರಗುಪ್ಪಿ ನಿಂಗನಗೌಡರು ಗಾರೆ ಕೆಲಸದ ಗೌಂಡಿಯನ್ನು ಕರೆದುಕೊಂಡು ನಿಮ್ಮ ಬಾಗಿಲಿಗೆ ಬರುತ್ತಾರೆ, ಮಲಗುವ ಕೋಣೆಯ ಚಾವಣಿ ಸೋರುವ ಜಾಗಕ್ಕೆ ಪುಕ್ಕಟೆ ಮದ್ದು ಹಚ್ಚಿಸಿಕೊಡುತ್ತೇನೆ ಎನ್ನುತ್ತಾರೆ, ದಯವಿಟ್ಟು ಒಳಗೆ ಬಿಡಿ. ಇಷ್ಟೇ.

ಏಕೆಂದರೆ ನೀವು ಬಿಡಲಿಲ್ಲ, ಆಯಿ. ಆರು ತಿಂಗಳು ಅದೇ ನಿಂಗನಗೌಡರ ಹಿಂದೆ ಅಲೆದಿರಿ. ಅವರು "ಇದು ಸೋರಿಕೆ ಅಲ್ರೀ ಬಾಯಾರ, ಹೊಸಾ ಸ್ಲ್ಯಾಬ್ ಬೆವರ್ತೈತಿ" ಎಂದು ಹೇಳಿ ಹೇಳಿ ಕಳಿಸಿದರು. ಕೊನೆಗೆ ಮನಸ್ಸು ಕರಗಿ ತಾವಾಗಿ ಬಂದ ದಿನ ನೀವು ಅವರಿಗೆ ಚಹಾ ಕೊಟ್ಟು, ಗೌಂಡಿಯನ್ನು ಹೊಸ್ತಿಲಿಂದಲೇ ವಾಪಸು ಕಳಿಸಿದಿರಿ. ಸೋಮವಾರ ದಾವೆ ಹಾಕಿದಿರಿ. ಯಜಮಾನರು ಯಾಕೆಂದು ಕೇಳಿದ್ದಕ್ಕೆ "ಬ್ಯಾಡ ಅಂದ್ರ ಬ್ಯಾಡ" ಎಂದಿರಂತೆ. ಅಷ್ಟು ತಿಳಿವಳಿಕಸ್ಥ ಹೆಂಗಸು ಹಾಗೇಕೆ ಮಾಡಿದಳೆಂದು ನಮ್ಮ ಮನೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ. ಪ್ರತಿ ಊಟದಲ್ಲೂ ನಿಮ್ಮನ್ನು ಬೈಯುತ್ತಾರೆ.

ದಾವೆ ಹಾಕಿದ ಮೇಲೆ ಕೋರ್ಟ್ ಕಮಿಷನರ್ ಬಂದು ಕೋಣೆಯನ್ನು ನೋಡಿ ಮಹಜರು ಬರೆದರು. ಮಂಚ ಒಂದು. ಯಜಮಾನರ ತಲೆದಿಂಬು ಒಂದು, ಒದ್ದೆ. ನೀಲಿ ಬಕೆಟ್ ಒಂದು. ಗೂಟದ ಮೇಲೆ ಹಸಿರು ಟವೆಲ್ ಒಂದು. ಗೋಡೆಯ ಮೇಲೆ ಹಲ್ಲಿ ಒಂದು. ಆಮೇಲೆ ಕೋರ್ಟು, ಅಂತಿಮ ವರದಿ ಬರುವವರೆಗೆ ಕೋಣೆಯ ಯಥಾಸ್ಥಿತಿ ಕಾಪಾಡತಕ್ಕದ್ದು ಎಂದು ಆದೇಶ ಮಾಡಿತು. ವರದಿ ಇನ್ನೂ ಬಂದಿಲ್ಲ, ನಾವು ಕಾಪಾಡುತ್ತಿದ್ದೇವೆ. ಟವೆಲನ್ನು ಒಂಬತ್ತು ಸಲ ಹೊಸದಾಗಿ ನೇಯಿಸಿದೆವು. ಆರನೆಯದು ಕೊಂಚ ಗಿಳಿಹಸಿರಾಯಿತೆಂದು ಎದುರು ಪಾರ್ಟಿಯವರು ತಕರಾರು ತೆಗೆದರು, ಅದೊಂದೇ ಹನ್ನೊಂದು ವರ್ಷ ನಡೆಯಿತು. ಹಲ್ಲಿಯ ಗೋಳು ಇನ್ನೂ ದೊಡ್ಡದು. ಅದು ಸತ್ತರೆ ಸಾಕ್ಷ್ಯನಾಶ, ಜೊತೆಗೊಂದು ಬಂದರೆ ಸಾಕ್ಷ್ಯ ತಿದ್ದಿದ ಹಾಗೆ. ಆದ್ದರಿಂದ ಅಡುಗೆಮನೆಯಲ್ಲಿ ಒಂದು ಹಲ್ಲಿಯನ್ನು ಕಾಯ್ದಿಟ್ಟು ಸಾಕುತ್ತೇವೆ. ನಮ್ಮ ಮನೆಗೆ ಸೊಸೆಯಾಗಿ ಬರುವವಳಿಗೆ ಮೊದಲು ಕೇಳುವ ಪ್ರಶ್ನೆಯೇ ಹಲ್ಲಿಯ ಭಯವಿದೆಯೇ ಎಂದು.

ಈಗ ಯಾರೂ ಮನೆ ಕಟ್ಟುವುದಿಲ್ಲ, ಬೆಳೆಸುತ್ತಾರೆ. ಬೆಳೆಮನೆಯೆಂದರೆ ಅಣಬೆಯ ಜಾತಿಯ ಒಂದು ಬೀಜ. ಪಾಯದಲ್ಲಿ ಬಿತ್ತಿ ನೀರು ಬಿಟ್ಟರೆ ಎರಡು ಮಳೆಗಾಲದಲ್ಲಿ ಗೋಡೆ, ಚಾವಣಿ, ಅಟ್ಟ ಎಲ್ಲ ಎದ್ದು ನಿಲ್ಲುತ್ತವೆ. ಬಿರುಕು ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ತಾನೇ ಮಾಯುತ್ತದೆ. ಹೀಗಾಗಿ ಬಿಲ್ಡರೂ ಇಲ್ಲ, ಬಿಲ್ಡರ್ ಮೇಲಿನ ದಾವೆಯೂ ಇಲ್ಲ, ನಮ್ಮದೊಂದನ್ನು ಬಿಟ್ಟು. ನಿಮ್ಮ ಅಪಾರ್ಟ್‌ಮೆಂಟನ್ನು ಎಂದೋ ಕೆಡವಿದರು. ಆದರೆ ಯಥಾಸ್ಥಿತಿಯ ಆದೇಶವಿದ್ದದ್ದು ನಾಲ್ಕನೇ ಮಹಡಿಯ ನಿಮ್ಮ ಮಲಗುವ ಕೋಣೆಗೂ ಅದರ ಮೇಲಿನ ತಾರಸಿಗೂ ಮಾತ್ರವಾದ್ದರಿಂದ, ಅಷ್ಟನ್ನು ನಾಲ್ಕು ಕಬ್ಬಿಣದ ಕಾಲಿನ ಮೇಲೆ ಅದೇ ಎತ್ತರದಲ್ಲಿ ನಿಲ್ಲಿಸಿದ್ದಾರೆ. ದೂರದಿಂದ ಜೋಳದ ಹೊಲದ ಅಟ್ಟಣಿಗೆಯ ಹಾಗೆ ಕಾಣುತ್ತದೆ. ನಾವು ಕೆಳಗಿನ ಬೆಳೆಮನೆಯಲ್ಲಿದ್ದೇವೆ. ನನ್ನ ತಮ್ಮನ ಮಗ ಗುರುಬಸುವಿಗೆ ಮನೆಯನ್ನು ಇನ್ನೂ ಎತ್ತರಕ್ಕೆ ಬೆಳೆಸುವ ಆಸೆ, ಅಟ್ಟಣಿಗೆ ತಲೆಗೆ ತಾಗುತ್ತದೆ. ನಿಮಗೆ ಬರೆಯಬೇಕೆಂದು ಹಟ ಹಿಡಿದವನು ಅವನೇ.

ಬೇಸಿಗೆಯಲ್ಲಿ ಸೋರಿಕೆ ಒಣಗುತ್ತದೆ, ಒಣಗಿದರೆ ದಾವೆಯೇ ಬಿದ್ದುಹೋಗುತ್ತದೆ. ಅದಕ್ಕಾಗಿ ಮಳೆಯಿಲ್ಲದ ದಿನ ಬೆಳಿಗ್ಗೆ ಒಂಬತ್ತಕ್ಕೆ ತಾರಸಿಯ ಮೇಲೆ ಒಂದು ಕೊಡ ನೀರು ಸುರಿಯಲು ಕೋರ್ಟು ನಮಗೆ ಅನುಮತಿ ಕೊಟ್ಟಿದೆ. ಸುರಿಯುವವರು ನಮ್ಮ ಮನೆತನದವರು. ಒಂದೇ ಕೊಡವೆಂದು ನೋಡಿ, ಆಮೇಲೆ ಕೆಳಗೆ ಕೂತು ಮಧ್ಯಾಹ್ನದವರೆಗೆ ಬಕೆಟ್ಟಿಗೆ ಬೀಳುವ ಹನಿಗಳನ್ನು ಎಣಿಸುವವರು ಬಿಲ್ಡರ ಮನೆತನದವರು. ಆ ಕೆಲಸಕ್ಕೆ ಹನಿಗಾವಲು ಎನ್ನುತ್ತಾರೆ. ನಮ್ಮಲ್ಲಿ ಪ್ರತಿ ತಲೆಮಾರಿಗೆ ಒಬ್ಬರನ್ನು ದಾವೆಗೆಂದೇ ಮೀಸಲು ಬಿಡುವ ಪದ್ಧತಿ ಇದೆ. ಈ ತಲೆಗೆ ಬಿಟ್ಟದ್ದು ನನ್ನನ್ನು, ಆದ್ದರಿಂದ ನಾನು ಮದುವೆಯಾಗಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ ನಿಂಗನಗೌಡರ ವಂಶದ ಫಕೀರಗೌಡರು ಹನಿಗಾವಲಿಗೆ ಬಂದರು. ಮೊದಲ ದಿನ ಬಾಗಿಲಲ್ಲಿ ನಿಂತು "ನಾ ನಿಮ್ಮ ಎದುರು ಪಾರ್ಟಿಯಂವ್ರೀ. ಕುಂಡ್ರಾಕ ಎಲ್ಲಿ ಹೇಳ್ತೀರಿ?" ಎಂದರು. ನಾನು ಮುಖ ಗಂಟಿಕ್ಕಿಕೊಂಡು ಮೂಲೆ ತೋರಿಸಿದೆ. ಒಂದು ವಾರಕ್ಕೆ ಚಹಾ ಶುರುವಾಯಿತು, ಒಂದು ವರ್ಷಕ್ಕೆ ಊಟ. ಅವರಿಗೆ ನನ್ನ ಕೈಯ ಎಣ್ಣೆಗಾಯಿ ಬಹಳ ಇಷ್ಟ, ಬಾಯಿಬಿಟ್ಟು ಹೇಳುವುದಿಲ್ಲ. ಅವರು ಅದನ್ನು ತಿನ್ನುವಾಗ ಎಣಿಕೆ ತಪ್ಪುತ್ತಾರೆ. ಆಗ ನಾನೇ ಎಣಿಸಿ ಹೇಳುತ್ತೇನೆ, ಒಂದು ಹನಿಯನ್ನೂ ಹೆಚ್ಚು ಹೇಳಿದವಳಲ್ಲ.

ಎಂಟು ವರ್ಷದ ಹಿಂದೆ ನನಗೆ ಜ್ವರ ಬಂದು ಹಾಸಿಗೆ ಹಿಡಿದೆ. ಮನೆಯವರೆಲ್ಲ ಊರಿಗೆ ಹೋಗಿದ್ದರು. ಒಂಬತ್ತು ಗಂಟೆಗೆ ಏಳಲಾಗಲಿಲ್ಲ. ಇಂದು ನೀರು ಸುರಿಯಲಿಲ್ಲವೆಂದು ಫಕೀರಗೌಡರು ಒಂದು ಸಾಲು ಬರೆದಿದ್ದರೆ ಅವರ ಮನೆತನ ಗೆದ್ದು, ನಮ್ಮ ದಾವೆ ಅಂದೇ ವಜಾ ಆಗುತ್ತಿತ್ತು. ಅವರ ಅಜ್ಜ, ಮುತ್ತಜ್ಜ ಆ ಒಂದು ಸಾಲಿಗಾಗಿಯೇ ಆ ಮೂಲೆಯಲ್ಲಿ ಕೂತು ಮುದುಕರಾಗಿದ್ದರು. ಇವರು ಏನು ಮಾಡಿದರು ಗೊತ್ತೇ? ತಾವೇ ಕೊಡ ಹೊತ್ತು ಮೇಲೆ ಹತ್ತಿ, ನೀರು ಸುರಿದು, ವಾದಿಯವರು ಸುರಿದರು, ಹನಿ 412 ಎಂದು ಬರೆದು, ನನಗೆ ಗಂಜಿ ಕಾಯಿಸಿಕೊಟ್ಟರು. ಐದು ದಿನ ಹೀಗೆಯೇ ಮಾಡಿದರು. ಗಂಜಿಗೆ ಉಪ್ಪು ಜಾಸ್ತಿಯಾಗಿತ್ತು. ನಾನು ಅತ್ತದ್ದು ಉಪ್ಪಿಗಲ್ಲ.

ಆಯಿ, ಅರವತ್ತೆರಡನೆಯ ವಯಸ್ಸಿನಲ್ಲಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನನಗೆ ಅವರೆಂದರೆ ಪ್ರಾಣ. ದಾವೆ ನಡೆಯುವಾಗ ವಾದಿ ಪ್ರತಿವಾದಿಗಳು ಮದುವೆಯಾಗುವಂತಿಲ್ಲ, ಕಾನೂನು ಅದನ್ನು ಒಳಸಂಚು ಎನ್ನುತ್ತದೆ. ದಾವೆಯೇ ಇಲ್ಲದಿದ್ದರೆ ಗದಗಿನ ಆಚೆಯ ಆ ಮನುಷ್ಯನಿಗೆ ನಮ್ಮ ಮನೆಯಲ್ಲಿ ಏನು ಕೆಲಸ? ನಾಳೆ ನೀವು ಗೌಂಡಿಯನ್ನು ಒಳಗೆ ಬಿಟ್ಟರೆ ಈ ಮೂವತ್ತೊಂದು ವರ್ಷಗಳು ನಡೆದೇ ಇರುವುದಿಲ್ಲ. ಗುರುಬಸುವಿಗೆ ಮನೆ ಎತ್ತರವಾಗುತ್ತದೆ, ನನಗೆ ಬೆಳಿಗ್ಗೆ ಒಂಬತ್ತು ಗಂಟೆಯೇ ಇರುವುದಿಲ್ಲ.

ಅದಕ್ಕೇ ಮನೆಯವರು ಹೇಳಿಕೊಟ್ಟ ಮಾತನ್ನು ಮೇಲೆ ಬರೆದು ಋಣ ತೀರಿಸಿದ್ದೇನೆ. ಈಗ ನನ್ನ ಮಾತು ಕೇಳಿ. ನಾಳೆ ಹತ್ತು ಗಂಟೆಗೆ ಬಾಗಿಲು ಬಡಿಯುತ್ತಾರೆ. ನಿಂಗನಗೌಡರನ್ನು ಕೂರಿಸಿ ಚಹಾ ಕೊಡಿ, ಚುರುಮರಿ ಇದ್ದರೆ ಕೊಡಿ, ಅವರ ವಂಶದಲ್ಲಿ ಮುಂದೆ ಒಳ್ಳೆಯವರು ಹುಟ್ಟುವವರಿದ್ದಾರೆ. ಮದ್ದಿನ ಡಬ್ಬಿಯನ್ನು ಮಾತ್ರ ಹೊಸ್ತಿಲು ದಾಟಿಸಬೇಡಿ. ಯಜಮಾನರು ಯಾಕೆಂದು ಕೇಳಿದರೆ ಈ ಕಾಗದದ ಸುದ್ದಿ ಎತ್ತದೆ, ಬ್ಯಾಡ ಅಂದ್ರ ಬ್ಯಾಡ ಎಂದುಬಿಡಿ.

ಈ ಸಾಲು ಬರೆಯುವಾಗಲೇ ನನ್ನ ಕೈ ನಿಂತಿತು. ನೂರಾ ಅರವತ್ತೈದು ವರ್ಷ ಯಾರಿಗೂ ತಿಳಿಯದ ಕಾರಣ ನನ್ನ ಪೆನ್ನಿನ ತುದಿಯಲ್ಲೇ ಇತ್ತು. ನೀವು ಕಾಗದ ಓದಿದ್ದಿರಿ, ಆಯಿ. ಓದಿ, ಕಣ್ಣಾರೆ ಕಾಣದ ಒಬ್ಬ ಮೊಮ್ಮಗಳಿಗಾಗಿ ಗೌಂಡಿಯನ್ನು ವಾಪಸು ಕಳಿಸಿ, ಇಷ್ಟೂ ವರ್ಷ ಸುಮ್ಮನೆ ಬೈಸಿಕೊಂಡಿರಿ.

ಬೈಗುಳ ಇನ್ನೂ ಹೆಚ್ಚಾಗುತ್ತದೆ, ಬರೆದರೂ ಮುದುಕಿ ಕೇಳಲಿಲ್ಲ ಎನ್ನುತ್ತಾರೆ. ನಾನೂ ಅವರ ಜೊತೆ ಹೂಂಗುಟ್ಟಬೇಕಾಗುತ್ತದೆ, ಕ್ಷಮಿಸಿ. ಕಮಿಷನರ್ ಬರುವ ಮುಂಚೆ ಸಾಧ್ಯವಾದರೆ ಆ ಟವೆಲನ್ನು ಒಗೆಯಲು ಹಾಕಿಬಿಡಿ. ಹಲ್ಲಿಯ ವಿಷಯ ನಿಮಗೇ ಬಿಟ್ಟದ್ದು, ನಮಗೆ ಅದರ ಮೇಲೆ ಪ್ರೀತಿ ಬಂದುಹೋಗಿದೆ.

ಒಂಬತ್ತಾಯಿತು. ಕೆಳಗೆ ಫಕೀರಗೌಡರು ಕೊಡ ತುಂಬಿಸಿಕೊಂಡು ನಿಂತಿದ್ದಾರೆ. ಮೊಣಕಾಲು ನೋವೆಂದು ನಾನು ಹೇಳಿಲ್ಲ, ಆದರೂ ಈಗೀಗ ಮೆಟ್ಟಿಲು ಹತ್ತುವಾಗ ಕೊಡವನ್ನು ನನ್ನ ಕೈಗೆ ಕೊಡುವುದಿಲ್ಲ. ನಾಳೆಯೂ ಅವರು ಹೀಗೆ ಬಂದು ನಿಲ್ಲುವುದು ನೀವು ನಿಮ್ಮ ಬಾಗಿಲಲ್ಲಿ ಆಡುವ ಮಾತಿಗೆ ಬಿಟ್ಟದ್ದು.

ನಿಮ್ಮ,
ಅನಸೂಯಾ