ರಾಜನ ಪಕ್ಷ ಸೇರಿದ ಮಂಡಿ

ಸ್ಯಾನ್ ಹೊಸೆ, ೫-೫-೮೬

ಅಕ್ಕನಿಗೆ, ತಮ್ಮ ವೆಂಕಟಾಚಲ ನಿಂತಲ್ಲೇ ಮಾಡುವ ನಮಸ್ಕಾರ. ಬಗ್ಗಲು ಆಗುತ್ತಿಲ್ಲ, ಕಾರಣ ಕೇಳು.

ಚರ್ಚಿನಲ್ಲಿ ರೊಟ್ಟಿಯ ಪ್ರಸಾದವನ್ನು ಮಂಡಿಯೂರಿಯೇ ತೆಗೆದುಕೊಳ್ಳಬೇಕೆಂದು ಇಂಗ್ಲೆಂಡಿನ ರಾಜ ಅಪ್ಪಣೆ ಮಾಡಿದ, ಪ್ಯೂರಿಟನ್ನರು ಒಪ್ಪಲಿಲ್ಲ ಎಂದು ಮೂವತ್ತು ವರ್ಷ ಮೇಜು ಗುದ್ದಿ ಪಾಠ ಮಾಡಿದವನು ನಾನು. ನಿನ್ನೆ ಮಗಳು ಜಲಜಾ ಅದೇ ಪ್ಯೂರಿಟನ್ನರ ಪರಂಪರೆಯ ಚರ್ಚೊಂದನ್ನು ತೋರಿಸಲು ಕರೆದೊಯ್ದಳು. ರೊಟ್ಟಿಯ ತಟ್ಟೆ ನಮ್ಮ ಸಾಲಿಗೆ ಬಂತು. ಎಲ್ಲರೂ ಕೂತೇ ತೆಗೆದುಕೊಂಡರು. ನಾನು ಮಾತ್ರ ತೀರ್ಥಕ್ಕೆ ಚಾಚುವ ಹಾಗೆ ಕೈ ಚಾಚಿ ದೊಪ್ಪನೆ ಮಂಡಿಯೂರಿದೆ.

"ಅಪ್ಪಾ, ಏಳಿ. ಇಲ್ಲಿ ಯಾರೂ ಹಾಗೆ ಮಾಡಲ್ಲ, ನೀವೇ ಹೇಳ್ಕೊಟ್ಟಿದ್ದಲ್ವಾ?" ಎಂದಳು ಮಗಳು. ಏಳಲಾಗಲಿಲ್ಲ. ಇಬ್ಬರು ಎತ್ತಿ ಕೂರಿಸಿದರು. ರಾಜನ ಕಡೆಗೆ ಕೊನೆಗೂ ಒಬ್ಬ ಸಿಕ್ಕಿದ, ಅದೂ ಮಂಡಿನೋವಿನ ಮೇಷ್ಟ್ರು. ಊತ ಇಳಿದಿದೆ, ಗಾಬರಿ ಬೇಡ.

"ದೇವರೆದುರು ಮಂಡಿಯೂರಿದರೆ ತಪ್ಪೇನು?" ಎಂದು ಉತ್ತರ ಬರೆದ ನಿನ್ನ ಮಗ ಗುರುಪ್ರಸಾದನಿಗೆ ಪರೀಕ್ಷೆಯಲ್ಲಿ ಐದಕ್ಕೆ ಸೊನ್ನೆ ಕೊಟ್ಟಿದ್ದೆ. ಅವನಿಗೆ ಇದು ತಿಳಿಯುವುದು ಬೇಡ. ಅಯ್ಯೋ, ನಿನಗೆ ಕಾರ್ಡು ಓದಿ ಹೇಳುವವನು ಅವನೇ ಅಲ್ಲವೇ. ಗುರು, ಆ ಐದು ಅಂಕ ನಿನ್ನದೇ ಕಣಪ್ಪ. ಈ ಸಾಲನ್ನು ಅಮ್ಮನಿಗೆ ಎರಡು ಸಲ ಓದು.