ಚಿಪ್ಪಿನಿಂದ ಮೂಗು ಕಂಡಿದೆ

ಪುಟ್ಟೀ,

ಕಾಲೇಜಿಂದ ಬಂದವಳೇ ಮೊಟ್ಟೆ ಪೆಟ್ಟಿಗೆ ಹತ್ರ ಓಡಬೇಡ, ಮೊದಲು ಇದನ್ನ ಓದು. ನೀನು ಸಾಕಿದ ಹಲ್ಲಿ ಇಟ್ಟ ಮೊಟ್ಟೆಗಳಲ್ಲಿ ಒಂದು ಬಿರಿದಿದೆ. ಇಷ್ಟೇ ಇಷ್ಟು ಮೂಗು ಹೊರಗೆ ಬಂದು ಉಸಿರಾಡ್ತಿದೆ.

ನಾನು ಮುಟ್ಟಿಲ್ಲ, ನಿನ್ನಾಣೆ. ತುಂಬಾ ಹೊತ್ತು ಅಲುಗಾಡಲೇ ಇಲ್ಲ, ನನಗೆ ಜೀವ ಬಾಯಿಗೆ ಬಂತು. "ಅದಾಗೇ ಬರಬೇಕಪ್ಪಾ, ಎಳೆದ್ರೆ ಸಾಯುತ್ತೆ" ಅಂದಿದ್ದೆಯಲ್ಲ, ಕೈಕಟ್ಟಿ ಕೂತೆ. ನೀನೂ ಹಾಗೇ ಕೂತ್ಕೋ.

ಉಳಿದವು ಹೊರಳಿಲ್ಲ, ಮಗುಚಿದ್ರೆ ಗೊತ್ತಾಗಲಿ ಅಂತ ನೀನು ಹಾಕಿದ ಪೆನ್ಸಿಲ್ ಗುರುತು ಮೇಲೇ ಇದೆ. ತಿಂದ ತಟ್ಟೆ ಎತ್ತಿಡದ ಹುಡುಗಿ ಇಷ್ಟು ಜೋಪಾನ ಎಲ್ಲಿ ಕಲಿತೆಯೇ? ನನ್ನ ಕೈಕೆಳಗೆ ಕೆಲಸ ಕಲಿಯೋರಲ್ಲೂ ಇಂಥ ತಾಳ್ಮೆ ನೋಡಿಲ್ಲ. (ತಟ್ಟೆ ಇನ್ನೂ ಟೇಬಲ್ ಮೇಲೇ ಇದೆ. ತೊಳಿ.)

ಮರಿ ಬಂದ ತಕ್ಷಣ ಫೋನ್ ಮಾಡು, ಏಣಿ ಮೇಲಿದ್ರೂ ಎತ್ತುತ್ತೀನಿ.

ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ, ಮನೇಲಿ ಯಾರೂ ಇಲ್ಲ. ಖಾಲಿ ಮನೆಯ ಮೇನ್ ಸ್ವಿಚ್ ಆಫ್ ಮಾಡದೆ ಈ ಎಲೆಕ್ಟ್ರಿಷಿಯನ್ ಯಾವತ್ತೂ ಹೊಸ್ತಿಲು ದಾಟಿದವನಲ್ಲ, ನಿಮಗೆಲ್ಲ ಬೈದು ಬೈದು ಬಾಯಿ ನೋಯಿಸ್ಕೊಂಡವನು. ಇವತ್ತೂ ಕೈ ಸ್ವಿಚ್ಚಿನ ತನಕ ಹೋಯ್ತು. ಪೆಟ್ಟಿಗೆಯೊಳಗೆ ಮೊಟ್ಟೆಗಳಿಗೆ ಕಾವು ಕೊಡೋ ಬಲ್ಬು ನೆನಪಾಗಿ ವಾಪಸ್ ತಗೊಂಡೆ.

ಉರೀತಿರಲಿ.

ಅಪ್ಪ